ಬೆನ್ನು ತೆರೆದ ಹೆಡ್‌ಫೋನು

ಆ ಮನೆಯ ಪ್ರತಿಯೊಂದು ಬಾಗಿಲ ಬುಡದಲ್ಲೂ ಒಂದೊಂದು ಕಬ್ಬಿಣದ ತೂಕದ ಕಲ್ಲು ಕೂತಿತ್ತು. ಕಾಳಿನ ಅಂಗಡಿಗೆ ಕರೆಂಟಿನ ತಕ್ಕಡಿ ಬಂದ ಮೇಲೆ ಕೆಲಸ ಕಳೆದುಕೊಂಡ ಕಲ್ಲುಗಳವು. ಗುಜರಿಗೆ ಹಾಕಲು ಮನಸ್ಸೊಪ್ಪದೆ ನನ್ನ ಮಾವ ಅಡಿವೆಪ್ಪನವರು ಅವನ್ನು ಮನೆಗೆ ತಂದು, ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳದ ಹಾಗೆ ಹಂಚಿ ಇಟ್ಟಿದ್ದರು. ತಲೆಬಾಗಿಲಿಗೆ ಎಲ್ಲಕ್ಕಿಂತ ದೊಡ್ಡದು, ಅಡುಗೆಮನೆಗೆ ಅದಕ್ಕಿಂತ ಸಣ್ಣದು, ನನಗೂ ನನ್ನ ಹೆಂಡತಿ ದಾಕ್ಷಾಯಣಿಗೂ ಕೊಟ್ಟಿದ್ದ ಕೋಣೆಗೆ ಇನ್ನೂ ಸಣ್ಣದು. ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ನಾನು ಅದನ್ನು ಕಾಲಿನಿಂದ ಗೇಣುದ್ದ ಸರಿಸಿ ಬಾಗಿಲು ಹಾಕಿಕೊಂಡು ಮಲಗಿದೆ. ಎದ್ದಾಗ ಬಾಗಿಲು ತೆರೆದಿತ್ತು, ಕಲ್ಲು ತನ್ನ ಜಾಗದಲ್ಲಿತ್ತು. ಯಾರೂ ಏನೂ ಅನ್ನಲಿಲ್ಲ. ಆ ಮನೆಯಲ್ಲಿ ಅನ್ನುವ ಪದ್ಧತಿ ಇರಲಿಲ್ಲ. ಕಲ್ಲಿಡುವ ಪದ್ಧತಿ ಇತ್ತು.

ಇದರ ಹಿಂದೆ ಪೇಟೆಯ ತರ್ಕವೊಂದಿತ್ತು. ಹಗಲುಹೊತ್ತು ಬಾಗಿಲು ಹಾಕಿದ ಮನೆ ದಿವಾಳಿ ಎದ್ದ ಮನೆ ಎಂದು ಕಾಳಿನ ವ್ಯಾಪಾರಸ್ಥರು ತಿಳಿಯುತ್ತಿದ್ದರಂತೆ. ಆದ್ದರಿಂದ ಮಾವನವರ ತಂದೆಯ ಕಾಲದಿಂದ ತಲೆಬಾಗಿಲು ಹಗಲು ಮುಚ್ಚಿರಲಿಲ್ಲ. ತಲೆಬಾಗಿಲಿನ ನಿಯಮ ಹೇಗೋ ಒಳಗಿನ ಬಾಗಿಲುಗಳಿಗೂ ಹಬ್ಬಿತ್ತು. ರಾತ್ರಿ ಮಲಗುವಾಗ ಹಾಕಿಕೊಳ್ಳಲು ಅಡ್ಡಿಯಿರಲಿಲ್ಲ, ನಿಜ. ಆದರೆ ನಡುಗೋಡೆಗಳು ಮಾಳಿಗೆ ಮುಟ್ಟುವ ಮೊದಲೇ ಮುಗಿದುಹೋಗಿದ್ದವು. ನಮ್ಮ ಕೋಣೆಯಲ್ಲಿ ಪಿಸುಗುಟ್ಟಿದ ಮಾತಿಗೆ ಆಚೆ ಕೋಣೆಯಿಂದ ಅತ್ತೆಯವರು ಉತ್ತರ ಕೊಟ್ಟದ್ದೂ ಉಂಟು.

ನಾನು ಆ ಮನೆಗೆ ಮನೆಅಳಿಯನಾಗಿ ಬಂದವನು. ಅವರಿಗೆ ಒಬ್ಬಳೇ ಮಗಳು, ನಡೆಯುವ ಅಂಗಡಿ. ನಮ್ಮ ಕಡೆ ಅಣ್ಣತಮ್ಮಂದಿರು ಬೇಕಾದಷ್ಟಿದ್ದರು, ಹೊಲ ಬೇಕಾದಷ್ಟಿರಲಿಲ್ಲ. ಮದುವೆಯ ಮಾತುಕತೆಯಲ್ಲಿ ಹುಡುಗ ನಮ್ಮಲ್ಲೇ ಇರಬೇಕು ಎಂಬ ಮಾತು ಬಂತು. ಎಲ್ಲಿಯವರೆಗೆ ಎಂದು ಯಾರೂ ಕೇಳಲಿಲ್ಲ. ನಾನಾದರೂ ಕೇಳಬಹುದಿತ್ತು, ಆದರೆ ಆಗ ನನ್ನ ತಟ್ಟೆಯಲ್ಲಿ ಚಿರೋಟಿ ಇತ್ತು. ಅವರು ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ನನಗೆ ನೆಗಡಿಯಾದರೆ ಮನೆಮಂದಿಯೆಲ್ಲ ಕಷಾಯ ಕುಡಿಯುತ್ತಿದ್ದರು. ಊರಿನಿಂದ ನನ್ನ ಅವ್ವ ಫೋನ್ ಮಾಡಿದರೆ, ಎಲ್ಲರಿಗೂ ಕೇಳಲಿ ಎಂದು ಅದನ್ನು ಸ್ಪೀಕರಿಗೆ ಹಾಕಿ ಪಡಸಾಲೆಯ ನಡುವೆ ಇಡುತ್ತಿದ್ದರು. ಅವ್ವ ನನ್ನ ಹೊಟ್ಟೆಯ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಅತ್ತೆಯವರೇ ವಿವರವಾಗಿ ಉತ್ತರಿಸುತ್ತಿದ್ದರು.

ದಾಕ್ಷಾಯಣಿ ಆ ಮನೆಯಲ್ಲೇ ಹುಟ್ಟಿ ಬೆಳೆದವಳು. ಆದ್ದರಿಂದ ಈ ಉಸಿರುಗಟ್ಟುವಿಕೆ ನನ್ನೊಬ್ಬನದೇ ಎಂದುಕೊಂಡಿದ್ದೆ. ಒಂದು ದಿನ ಹಿಟ್ಟಿನ ಗಿರಣಿಯಿಂದ ಇಬ್ಬರೂ ನಡೆದು ಬರುತ್ತಿದ್ದೆವು. ತಲೆಯ ಮೇಲಿನ ಡಬ್ಬಿ ಸರಿಮಾಡಿಕೊಳ್ಳುತ್ತ, ಕಾಯಿಪಲ್ಲೆಯ ಬೆಲೆ ಹೇಳುವ ದನಿಯಲ್ಲಿ ಅವಳು ಹೇಳಿದಳು: "ಒಮ್ಮೆ ಬಾಗಲಾ ಹಾಕ್ಕೊಂಡು ಅಳಬೇಕು ಅನಸ್ತೈತ್ರಿ. ದುಃಖ ಏನಿಲ್ಲ. ಸುಮ್ನ."

ಅಂದಿನಿಂದ ನಾವಿಬ್ಬರೂ ಒಂದೇ ಪಕ್ಷದವರಾದೆವು. ಆ ಪಕ್ಷ ಸಭೆ ಸೇರಲು ಜಾಗವಿರಲಿಲ್ಲ ಎಂಬುದೊಂದೇ ತೊಂದರೆ.

ನನಗೆ ಹೊರಗಿನ ಲೋಕದೊಡನೆ ಇದ್ದ ಒಂದೇ ಕಿಂಡಿಯೆಂದರೆ ಒಂದು ಗುಂಡು ಹಾರಿಸುವ ಆಟ. ನನ್ನ ಕಾಲೇಜಿನ ಗೆಳೆಯ ಮುರಿಗೆಪ್ಪ ಅರ್ಧ ದಿನದ ದಾರಿಯಾಚೆಯ ಊರಿನಲ್ಲಿ ಒಂದು ಛಾಪಖಾನೆ ನೋಡಿಕೊಳ್ಳುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ನಾನು ಹೆಡ್‌ಫೋನು ಹಾಕಿಕೊಂಡು ನಮ್ಮ ಕೋಣೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ, ಅವನು ಅಲ್ಲಿ ಕೂರುತ್ತಿದ್ದ. ಇಬ್ಬರಿಗೂ ಆ ಆಟದಲ್ಲಿ ಕೌಶಲವೆಂಬುದು ಇರಲಿಲ್ಲ. ಬಂದೂಕು ಹಿಡಿದು ಒಂದು ಪಾಳುಗೋಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ಯಾರಾದರೂ ಬಂದು ನಮ್ಮನ್ನು ಕೊಲ್ಲುವವರೆಗೆ ಮಾತಾಡುವುದು ನಮ್ಮ ಕ್ರಮ. ಸತ್ತರೆ ಮತ್ತೆ ಹುಟ್ಟಿ ಗೋಡೆ ಹುಡುಕಿಕೊಂಡು ಬರುತ್ತಿದ್ದೆವು. ಫೋನಿನಲ್ಲಿ ಆಡಲಾಗದ ಮಾತುಗಳನ್ನು ನಾನು ಅಲ್ಲಿ, ಆಟದ ಕೂಗಾಟವೆಂದು ಮನೆಯವರು ಕಿವಿಗೊಡುವುದಿಲ್ಲವೆಂಬ ಧೈರ್ಯದಲ್ಲಿ, ಆಡುತ್ತಿದ್ದೆ. ಅವನ ಛಾಪಖಾನೆಗೆ ಕರಡು ತಿದ್ದುವವನೊಬ್ಬ ಬೇಕಾಗಿದ್ದ. ಛಾಪಖಾನೆಯ ಹಿಂದೆ ಎರಡು ಕೋಣೆಯ ಒಂದು ಮನೆ ಖಾಲಿಯಿತ್ತು. ಮಾಲೀಕರು ಅವನ ಮಾತಿಗೆ ಕಟ್ಟುಬಿದ್ದು ಅದನ್ನು ಬೇರೆ ಯಾರಿಗೂ ಕೊಡದೆ ಕಾಯುತ್ತಿದ್ದರು. ನಾನು ಹೂಂ ಅನ್ನುವುದೊಂದೇ ಬಾಕಿ. ಹೂಂ ಅನ್ನಬೇಕಾದರೆ ಮಾವನವರಿಗೆ ಹೇಳಬೇಕು. ಅವರ ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ, ತನಗೂ ಇಲ್ಲವೆಂದು ದಾಕ್ಷಾಯಣಿ ಮೊದಲೇ ಹೇಳಿದ್ದಳು.

ಹೀಗಿರುವಾಗ ಆಕಳು ಬಂತು.

ಆಗ ನನ್ನಲ್ಲಿದ್ದುದು ಕಿವಿಯನ್ನು ಪೂರ್ತಿ ಮುಚ್ಚುವ ಬಗೆಯ ಹೆಡ್‌ಫೋನು. ಅದನ್ನು ಹಾಕಿಕೊಂಡರೆ ಬಾವಿಯೊಳಗೆ ಇಳಿದ ಹಾಗೆ; ಆ ಮನೆಯಲ್ಲಿ ನನಗಿದ್ದ ಒಂದೇ ಬಾಗಿಲು ಅದು, ತಲೆಗೆ ಹಾಕಿಕೊಳ್ಳುವ ಬಾಗಿಲು. ಅಂದು ನೆಂಟರು ಊಟಕ್ಕೆ ಬರುವವರಿದ್ದರು. ಅತ್ತೆಯವರು ಹೋಳಿಗೆಯ ಹೂರಣ ರುಬ್ಬಿ ಪರಾತದಲ್ಲಿ ಹರವಿಟ್ಟು ಹಿತ್ತಿಲಿಗೆ ಹೋಗಿದ್ದರು. ತೆರೆದ ತಲೆಬಾಗಿಲಿನಿಂದ ಓಣಿಯ ಆಕಳೊಂದು ಒಳಬಂದು, ತೆರೆದ ಅಡುಗೆಮನೆ ಹೊಕ್ಕು, ಪರಾತವನ್ನು ತಳ ಹೊಳೆಯುವ ಹಾಗೆ ನೆಕ್ಕಿ, ಊಟವಾದ ಮೇಲೆ ಮನೆಯವರನ್ನು ಮಾತಾಡಿಸುವುದು ಮರ್ಯಾದೆ ಎಂಬಂತೆ ನಮ್ಮ ಕೋಣೆಗೂ ಬಂತು. ಕುತ್ತಿಗೆಗೆ ಬಿಸಿಯುಸಿರು ತಾಗಿದಾಗ ನಾನು ತಿರುಗಿ ನೋಡದೆ, "ಬಂದೆ ಮಾವಾರ, ಎರಡ ನಿಮಿಷ," ಅಂದೆ. ಅದು ಕಾಯಿತು. ಅತ್ತೆಯವರು ಬಂದಾಗ ಕಂಡ ದೃಶ್ಯದಲ್ಲಿ ನಾನು ಆಟದ ಗೋಡೆಯ ಮರೆಯಲ್ಲಿ ಕೂತಿದ್ದೆ, ಆಕಳು ನನ್ನ ಹೆಗಲ ಮೇಲಿನಿಂದ ಯುದ್ಧ ನೋಡುತ್ತಿತ್ತು.

ಬಾಗಿಲು ಮುಚ್ಚಿದ್ದರೆ ಆಕಳು ಬರುತ್ತಿರಲಿಲ್ಲ ಎಂಬ ವಿಚಾರ ಅಂದಿನ ಪಂಚಾಯ್ತಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ತಪ್ಪು ಹೆಡ್‌ಫೋನಿನ ಮೇಲೆ ಬಂತು. ಅತ್ತೆಯವರು ಅದನ್ನು ಒಂದು ಅರಿವೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಮಾವನವರು ನನ್ನನ್ನು ಬೈಯಲಿಲ್ಲ. ಮನೆಯಲ್ಲಿ ಮನುಷ್ಯ ಇದ್ದೂ ಇಲ್ಲದ ಹಾಗಾದರೆ ಅದು ಮನೆಗೆ ಒಳ್ಳೆಯದಲ್ಲ ಎಂದಷ್ಟೇ ಹೇಳಿ ಎದ್ದುಹೋದರು. ಬೈದಿದ್ದರೆ ತಿರುಗಿ ಒಂದು ಮಾತಾದರೂ ಆಡುತ್ತಿದ್ದೆ.

ಕೆಲವು ದಿನ ಮುರಿಗೆಪ್ಪನೊಬ್ಬನೇ ಪಾಳುಗೋಡೆಯ ಹಿಂದೆ ಕೂತಿರಬೇಕು. ನಾನು ಅಂಗಡಿಯಲ್ಲಿ ಬಿಡುವಾದಾಗಲೆಲ್ಲ ಹೆಡ್‌ಫೋನುಗಳ ಬಗ್ಗೆ ಓದತೊಡಗಿದೆ. ಹಾಗೆ ಓದುವಾಗ ತಿಳಿದದ್ದು, ಬೆನ್ನು ತೆರೆದ ಹೆಡ್‌ಫೋನು ಎಂಬ ಜಾತಿಯೊಂದಿದೆ ಎಂದು. ಅದರ ಹೊರಮೈಗೆ ಗಟ್ಟಿ ಮುಚ್ಚಳವಿರುವುದಿಲ್ಲ, ಜಾಲರಿ ಇರುತ್ತದೆ. ಗಾಳಿ ಆಡುತ್ತದೆ, ಕಿವಿ ಬೆವರುವುದಿಲ್ಲ, ಸುತ್ತಲಿನ ಸದ್ದು ಒಳಗೆ ಬರುತ್ತದೆ. ಕರೆದರೆ ಕೇಳಿಸುತ್ತದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಸೆಳೆದದ್ದು ಇನ್ನೊಂದು ಗುಣ. ಅದರಲ್ಲಿ ಸಂಗೀತ ತಲೆಯೊಳಗೆ ಇಕ್ಕಟ್ಟಾಗಿ ಕೂರುವುದಿಲ್ಲವಂತೆ, ಹೊರಗೆ ಬಯಲಿನಲ್ಲಿ ನಡೆದ ಹಾಗೆ ಕೇಳುತ್ತದಂತೆ. ಆಟದಲ್ಲಿ ಶತ್ರುವಿನ ಹೆಜ್ಜೆ ಎಷ್ಟು ದೂರದಲ್ಲಿ, ಯಾವ ದಿಕ್ಕಿನಲ್ಲಿ ಎಂದು ಗೊತ್ತಾಗುತ್ತದಂತೆ. ಹೆಜ್ಜೆ ಬೇಗ ಕೇಳಿಸಿದರೆ ಸಾವು ತಡವಾಗುತ್ತದೆ, ಸಾವು ತಡವಾದರೆ ಮಾತು ಮುಂದುವರಿಯುತ್ತದೆ. ನನಗೆ ಬೇಕಾಗಿದ್ದುದು ಅಷ್ಟೇ.

ಬರೆದವರಲ್ಲಿ ಒಮ್ಮತವಿರಲಿಲ್ಲ. ಒಬ್ಬನಿಗೆ ಜೇನಿನಂತೆ ಕೇಳಿದ್ದು ಇನ್ನೊಬ್ಬನಿಗೆ ತಗಡು ಬಡಿದಂತೆ ಕೇಳಿತ್ತು. ಸಂಗೀತಕ್ಕೆ ಒಳ್ಳೆಯದು ಆಟಕ್ಕಾಗದು, ಆಟಕ್ಕೆಂದು ಮಾಡಿದ್ದು ಸಂಗೀತವನ್ನು ಕೊಲ್ಲುತ್ತದೆ, ಎರಡಕ್ಕೂ ಆಗುವುದು ನಮ್ಮಂಥವರ ಕೈಗೆಟುಕುವುದಿಲ್ಲ. ಒಂದು ದೋಷವನ್ನು ಮಾತ್ರ ಎಲ್ಲರೂ ಒಪ್ಪಿಕೊಂಡಿದ್ದರು: ಹೊರಗಿನದು ಒಳಗೆ ಬರುವ ಹಾಗೆಯೇ ಒಳಗಿನದು ಹೊರಗೆ ಸೋರುತ್ತದೆ. ಓದಿದೆ. ಸೋರಿದರೆ ನಾಲ್ಕು ಸ್ವರ ಸೋರಬಹುದು, ಯಾರಿಗೇನು ನಷ್ಟ ಎಂದುಕೊಂಡು ಮುಂದಿನ ಸಾಲಿಗೆ ಹೋದೆ.

ಕರೆದರೆ ಕೇಳಿಸುವ ಹೆಡ್‌ಫೋನಿನ ವಿಷಯವನ್ನು ಮಾವನವರಿಗೆ ಒಪ್ಪಿಸಿದಾಗ ಅವರು ಮುಖವರಳಿಸಿ, ಹಾಗಾದರೆ ಕೊಳ್ಳೋಣ, ಹೆಚ್ಚು ದುಬಾರಿಯದು ಬೇಡ, ಮಾಲು ನಾನು ಬಂದು ನೋಡುತ್ತೇನೆ ಅಂದರು. ನೋಡುವುದೆಂದರೆ ಅವರಿಗೆ ಕೇಳುವುದು. ಜೋಳದ ಚೀಲ ಬಂದರೆ ಒಂದು ಹಿಡಿ ತೆಗೆದು ತಗಡಿನ ಮೇಲೆ ಬಿಡುತ್ತಿದ್ದರು. ಕಾಳು ಬಿದ್ದ ಸದ್ದಿನಲ್ಲೇ ಅದು ಎಷ್ಟು ಒಣಗಿದೆ, ಯಾವ ಮೂಲೆಯಲ್ಲಿ ಹಸಿ ಕಾಳು ಬೆರೆಸಿದ್ದಾರೆ ಎಂದು ಹೇಳುತ್ತಿದ್ದರು. ಈ ವಿದ್ಯೆಯನ್ನು ನಾನು ದಿನವೂ ನೋಡುತ್ತಿದ್ದೆ. ಅದು ಜೋಳಕ್ಕೆ ಮಾತ್ರ ಸಂಬಂಧಿಸಿದ್ದು ಎಂದು ಭಾವಿಸಿದ್ದೆ.

ಪೇಟೆಯಲ್ಲಿ ಅಂಥ ಸಾಮಾನು ಇಡುತ್ತಿದ್ದವರು ರಾಯ್ಕರ್ ಒಬ್ಬರೇ. ಅವರ ಅಂಗಡಿಗೆ ನಾವು ಮೂವರು ಹೋದೆವು. ದಾಕ್ಷಾಯಣಿ ಬಳೆ ಕೊಳ್ಳುವ ನೆಪದಲ್ಲಿ ಬಂದಿದ್ದಳು. ರಾಯ್ಕರ್ ಮೂರು ಹೆಡ್‌ಫೋನುಗಳನ್ನು ಗಾಜಿನ ಮೇಲಿಟ್ಟು ಒಂದೊಂದರ ಗುಣಗಾನ ಶುರುಮಾಡಿದರು. ಮಾವನವರು ಕೈಯೆತ್ತಿ ತಡೆದರು.

"ನೀವು ಹೇಳೂದು ಬ್ಯಾಡ್ರಿ ರಾಯ್ಕರ. ಅಳಿಯಾರು ಹಾಕ್ಕೊಳ್ಳಲಿ, ಹಾಡು ಹಚ್ಚರಿ. ನಾ ಕರೀತೀನಿ. ಓ ಅಂದ್ರ ಮಾಲು ಚಲೋ, ಅನ್ನಲಿಲ್ಲಂದ್ರ ಒಳಗಿಡ್ರಿ."

ಹೆಡ್‌ಫೋನನ್ನು ಹೀಗೆ ಪರೀಕ್ಷೆ ಮಾಡಿದವರು ಅವರ ಅಂಗಡಿಗೆ ಅದುವರೆಗೆ ಬಂದಿರಲಿಲ್ಲ. ರಾಯ್ಕರ್ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

ಮೊದಲನೆಯದು ಹೆಸರಿಗಷ್ಟೇ ಬೆನ್ನು ತೆರೆದದ್ದು. ಜಾಲರಿಯ ಹಿಂದೆ ಗೋಡೆಯಿತ್ತು. ಮಾವನವರು ದುಡ್ಡಿನ ಗಲ್ಲೆಯ ಬಳಿ ನಿಂತು "ಅಳಿಯಾರ" ಎಂದು ಕರೆದಾಗ ಕೇಳಿಸಿತು, ಹೊಸ್ತಿಲಿನಿಂದ ಕರೆದದ್ದು ಕೇಳಿಸಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಮಾತ್ರ ನಿಂತು ತಿರುಗಿ ನೋಡಿದರು. ನಮ್ಮ ಪೇಟೆಯಲ್ಲಿ ಅಳಿಯಂದಿರಿಗೆ ಬರವಿರಲಿಲ್ಲ. ಎರಡನೆಯದು ಆಟಕ್ಕೆಂದೇ ಮಾಡಿದ್ದು, ಎರಡೂ ಕಡೆ ಬಣ್ಣದ ದೀಪ ಮಿನುಗುತ್ತಿತ್ತು. ಮಾವನವರಿಗೆ ದೀಪ ಮೆಚ್ಚಿಗೆಯಾಯಿತು. ನನಗೆ ಅದರಲ್ಲಿ ತಬಲಾ ಪಕ್ಕದ ಮನೆಯಲ್ಲಿ ಒನಕೆ ಕುಟ್ಟಿದ ಹಾಗೆ ಕೇಳುತ್ತಿತ್ತು. ಬೇಡವೆನ್ನುವ ಅಧಿಕಾರ ನನಗಿರಲಿಲ್ಲವಾದ್ದರಿಂದ ಅವರು ಕರೆದಾಗ ಓ ಅನ್ನದೆ ಸುಮ್ಮನಿದ್ದೆ.

ಮೂರನೆಯದು ನೋಡಲು ಬೂದುಬಣ್ಣದ ಕುರೂಪಿ. ತಲೆಪಟ್ಟಿ ಸಣಕಲು, ಹೊರಬದಿಗೆ ಚಹಾ ಸೋಸುವ ಜರಡಿಯಂಥ ಜಾಲರಿ. ಬೆಲೆಯೂ ಮೂರರಲ್ಲಿ ಕಡಿಮೆಯದೇ. ಹಾಕಿಕೊಂಡೆ. ತಂಬೂರಿ ಹಿಂದೆಲ್ಲೋ ನಿಂತಿತು. ತಬಲಾ ಬಲಕ್ಕೆ ಸರಿದು ಕೂತಿತು. ಹಾಡುವವಳು ನನ್ನಿಂದ ಹತ್ತಾರು ಮಾರು ದೂರದಲ್ಲಿ, ಅವಳ ಸುತ್ತ ಖಾಲಿ ಜಾಗ. ಎಷ್ಟೋ ತಿಂಗಳಾಗಿತ್ತು, ನಾನಿದ್ದ ಜಾಗ ಅಷ್ಟು ದೊಡ್ಡದಾಗಿ. ಕಣ್ಣು ತುಂಬಿ ಬಂದದ್ದನ್ನು ರಾಯ್ಕರ್ ನೋಡಿ, ಪಟ್ಟಿ ಬಿಗಿಯಾಯಿತೇ ಎಂದು ಕೇಳಿದರು.

ಗಲ್ಲೆಯಿಂದ ಕರೆದರು, ಓಗೊಟ್ಟೆ. ಹೊಸ್ತಿಲಿನಿಂದ ಕರೆದರು, ಓಗೊಟ್ಟೆ. ಮಾವನವರಿಗೆ ಹುರುಪು ಬಂತು. ಅವರು ಧೋತರ ಎತ್ತಿ ಹಿಡಿದು ರಸ್ತೆ ದಾಟಿ ಆಚೆಯ ಪಾನ್ ಅಂಗಡಿಯ ಬಳಿ ನಿಂತರು. ನಡುವೆ ಬಸ್ಸು, ಟೆಂಪೊ, ಕಬ್ಬಿನ ಹಾಲಿನ ಗಾಣದ ಗೆಜ್ಜೆ. ಬರಿ ಕಿವಿಗೂ ಅಲ್ಲಿಂದ ಏನೂ ಕೇಳಿಸುವಂತಿರಲಿಲ್ಲ. ಇದು ಕೈತಪ್ಪಿದರೆ ದೀಪ ಮಿನುಗುವುದೇ ಗತಿ, ಇಲ್ಲವೇ ಅದೂ ಇಲ್ಲ. ಅದಿಲ್ಲದಿದ್ದರೆ ಮುರಿಗೆಪ್ಪನಿಲ್ಲ, ಮನೆಯಿಲ್ಲ. ನಾನು ರಸ್ತೆಗೆ ಬೆನ್ನು ಮಾಡಿ ಕೂತಿರಬೇಕೆಂಬುದು ನಿಯಮ. ಎದುರಿಗೆ ದಾಕ್ಷಾಯಣಿ ಹೊಸ ಬಳೆ ನೋಡಿಕೊಳ್ಳುತ್ತ ನಿಂತಿದ್ದಳು, ಅವಳಿಗೆ ರಸ್ತೆ ಕಾಣುತ್ತಿತ್ತು. ಅವಳು ತಲೆಯೆತ್ತದೆ, ಅಪ್ಪ ಬಾಯಿ ತೆರೆದದ್ದನ್ನು ಕಡೆಗಣ್ಣಲ್ಲಿ ಕಂಡು, ಒಂದು ಬಳೆಯನ್ನು ಮೊಣಕೈವರೆಗೆ ಏರಿಸಿದಳು. ನಾನು ರಸ್ತೆಯಾಚೆಗೆ ಕಾಣುವಂತೆ ಕೈಯೆತ್ತಿ, "ಓ ಮಾವಾರ," ಅಂದೆ. ಸ್ವಲ್ಪ ಬಿಟ್ಟು ಇನ್ನೊಂದು ಬಳೆ ಏರಿತು. "ಓ," ಅಂದೆ.

ಮಾವನವರು ಬೆವರೊರೆಸಿಕೊಳ್ಳುತ್ತ ಮರಳಿ ಬಂದು, ಒಣಗಿದ ಮಾಲು ಎಂದು ತೀರ್ಪು ಕೊಟ್ಟು, ಬೆಲೆ ಇನ್ನಷ್ಟು ಇಳಿಸಲು ಕೂತರು.

ಆ ದಿನದಿಂದ ದೀಪ ಹಚ್ಚುವ ಹೊತ್ತಿಗೆ ಹೊಸ ವ್ಯವಸ್ಥೆ ಜಾರಿಗೆ ಬಂತು. ನಾನು ಬಾಗಿಲಿಗೆ ಬೆನ್ನು ಮಾಡಿ ಆಟಕ್ಕೆ ಕೂರುತ್ತಿದ್ದೆ. ಮಾವನವರು ಅಂಗಡಿಯಿಂದ ತಂದ ಮಾದರಿಯ ಕಾಳನ್ನು ಮೊರದಲ್ಲಿ ಹಾಕಿಕೊಂಡು ಕೋಣೆಯ ಹೊರಗೆ ಕುರ್ಚಿ ಎಳೆದು, ಬಾಗಿಲ ಬುಡದ ಕಲ್ಲಿನ ಮೇಲೆ ಕಾಲಿಟ್ಟು ಕೂರುತ್ತಿದ್ದರು. ಆಗಾಗ, "ಅಳಿಯಾರ," ಅನ್ನುವರು. ನಾನು ಓ ಅನ್ನುವೆ. ಅಷ್ಟೇ, ಕೆಲಸವೇನೂ ಇರುತ್ತಿರಲಿಲ್ಲ. ಹೊಲದಲ್ಲಿ ಮೇಯುವ ದನದ ಹಗ್ಗವನ್ನು ಸುಮ್ಮನೆ ಒಮ್ಮೆ ಎಳೆದು ನೋಡುವ ಹಾಗೆ.

ಅವರ ಕಿವಿಯ ಮುಂದೆ ಮನೆಯ ವಿಷಯ ಮಾತಾಡುವುದು ಹೇಗೆ? ಓದಿದವನ ತಲೆ, ಉಪಾಯ ಹೊಳೆಯಿತು. ನನ್ನ ಬಾಯಿಂದ ಬರುವುದನ್ನೆಲ್ಲ ಆಟದ ಮಾತನ್ನಾಗಿ ಮಾಡಿಬಿಟ್ಟೆ. ಈ ಮನೆಗೆ ಕೋಟೆ ಎಂದು ಹೆಸರಿಟ್ಟೆ. ಕೋಟೆಯಿಂದ ಹೊರಬರಲು ಸಮಯ ನೋಡುತ್ತಿದ್ದೇನೆ ಎನ್ನುವೆ, ಬಾಗಿಲಲ್ಲಿ ಮುದುಕ ಕಾವಲುಗಾರ ಕೂತಿದ್ದಾನೆ ಎನ್ನುವೆ, ನನ್ನ ಜೊತೆಯ ಸಿಪಾಯಿಯೂ ಹೊರಡಲು ತಯಾರಿದ್ದಾನೆ ಎನ್ನುವೆ. ಮುರಿಗೆಪ್ಪ ಮೊದಲ ದಿನ ಗಾಬರಿಯಾದರೂ ಮರುದಿನದಿಂದ ತಿಳಿದುಕೊಂಡ. ಅವನಿಗೆ ಸಂಕೇತದ ಅಗತ್ಯವಿರಲಿಲ್ಲ. ಅವನ ಮಾತು ನನ್ನ ಕಿವಿಗೆ ಮಾತ್ರ ತಾನೇ! ಮನೆ ಮಾಲೀಕರು ಸುಣ್ಣ ಹೊಡೆಸಿದ್ದು, ಹಿಂದುಗಡೆ ಬಟ್ಟೆ ಒಗೆಯುವ ಕಲ್ಲಿರುವುದು, ಛಾಪಖಾನೆಯ ಸದ್ದು ಅಲ್ಲಿಗೆ ಅಷ್ಟಾಗಿ ಕೇಳದಿರುವುದು, ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದ. ಅವನದು ಯಂತ್ರಗಳ ನಡುವೆ ಕೂಗಿ ಕೂಗಿ ಬೆಳೆದ ಗಂಟಲು. ಹೊಸ ಹೆಡ್‌ಫೋನಿನಲ್ಲಿ ಅವನು ಎಷ್ಟು ಸ್ಪಷ್ಟವಾಗಿ ಕೇಳಿಸುತ್ತಿದ್ದನೆಂದರೆ ಅವನು ಎಲೆಯಡಿಕೆ ಯಾವ ದವಡೆಗೆ ಹಾಕಿದ್ದಾನೆಂದು ಹೇಳಬಹುದಿತ್ತು.

ಹೆಡ್‌ಫೋನು ಬಂದ ದಿನವೇ ನಾನು ಸೋರಿಕೆಯ ಪರೀಕ್ಷೆಯನ್ನೂ ಮಾಡಿದ್ದೆ. ಆದರೆ ಪರೀಕ್ಷೆಗೆ ಹಚ್ಚಿದ್ದು ಒಂದು ಮೆಲ್ಲನೆಯ ಆಲಾಪ. ಮಂಚದ ತುದಿಯಲ್ಲಿ ಕೂತ ದಾಕ್ಷಾಯಣಿ, ಸೊಳ್ಳೆ ಗುಂಯ್‌ಗುಟ್ಟಿದ ಹಾಗಿದೆ ಎಂದಿದ್ದಳು. ಮುರಿಗೆಪ್ಪನನ್ನು ಹಚ್ಚಿ ನೋಡಬೇಕೆಂದು ಇಬ್ಬರಿಗೂ ತೋಚಲಿಲ್ಲ.

ಕೊನೆಗೆ ಒಂದು ಸಂಜೆ ಅವನ ಸಹನೆ ಮುಗಿಯಿತು. "ಲೇ, ಮಾಲಕ್ರು ನಾಳೆ ಬ್ಯಾರೇದವರಿಗೆ ಕೀಲಿ ಕೊಡ್ತಾರಂತ. ಬರ್ತೀಯೋ ಇಲ್ಲೋ ಇವತ್ತ ಹೇಳಿಬಿಡು," ಅಂದ. ಕಾವಲುಗಾರ ಇನ್ನೂ ಕದಲಿಲ್ಲ, ನಾಳೆ ಸಂಜೆವರೆಗೆ ತಡೆ ಎಂದು ನಾನು ಅಂಗಲಾಚುತ್ತಿರುವಾಗ ಎಡಬದಿಯಲ್ಲಿ ಹೆಜ್ಜೆ ಸಪ್ಪಳವಾಯಿತು. ಇಬ್ಬರೂ ಸತ್ತೆವು. ಮತ್ತೆ ಹುಟ್ಟುವ ಮನಸ್ಸಾಗಲಿಲ್ಲ. ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟೆ.

ಹಿಂದಿನಿಂದ ಮಾವನವರ ದನಿ ಬಂತು. "ಆ ಮನೀಗೆ ನೀರಿನ ವ್ಯವಸ್ಥಾ ಹೆಂಗೈತ್ರಿ?"

"ಯಾವ ಮನಿ ಮಾವಾರ?"

"ಛಾಪಖಾನಿ ಹಿಂದಿಂದು."

ನಾನು ತಿರುಗಿದೆ. ಅವರು ಮೊರದಲ್ಲಿ ಕಡಲೆ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. ಮೇಜಿನ ಮೇಲೆ ಹೆಡ್‌ಫೋನಿನ ಜಾಲರಿಯೊಳಗಿಂದ ಮುರಿಗೆಪ್ಪ ನನ್ನನ್ನು ಹೆಸರು ಹಿಡಿದು ಕೂಗುತ್ತಿದ್ದ. ಸಣ್ಣ ದನಿ, ಆದರೆ ಅಕ್ಷರ ಅಕ್ಷರ ಬಿಡಿಬಿಡಿ. ಇಷ್ಟು ದಿನ ನಾನು ಅದನ್ನು ಕಿವಿಯ ಮೇಲಿಟ್ಟುಕೊಂಡೇ ಇದ್ದುದರಿಂದ ಅದು ಹೊರಗೆ ಹೇಗೆ ಕೇಳಿಸುತ್ತದೆಂದು ಕೇಳುವ ಸಂದರ್ಭ ಬಂದಿರಲಿಲ್ಲ.

"ಮಾಲು ಭಾಳ ಚಲೋ ತಗೊಂಡೀವಿ," ಅಂದರು ಮಾವ. "ನಿಮ್ಮ ಗೆಳ್ಯಾ ಉಗುಳು ನುಂಗಿದ್ದೂ ಇಲ್ಲಿಗೆ ಕೇಳಸ್ತೈತಿ."

ನಾನು ಕೈ ಚಾಚಿ ಹೆಡ್‌ಫೋನನ್ನು ಬೋರಲು ಹಾಕಿದೆ. ಕೂಗು ನಿಲ್ಲಲಿಲ್ಲ.

"ನೀವು ಕ್ವಾಟಿ ಕ್ವಾಟಿ ಅಂದಾಗ ಮೊದಲ ನಾ ಆಟದ್ದೇನೋ ಅಂತ ಸುಮ್ಮನಿದ್ದೆ. ಆಮ್ಯಾಲ ಆ ಕಡಿ ಮಾತು, ಈ ಕಡಿ ಮಾತು ಕೂಡಿಸಿ ನೋಡಿದೆ. ಕ್ವಾಟಿ ಅಂದ್ರ ನಾವ." ಅವರು ಒಂದು ಹರಳು ಆರಿಸಿ ನೆಲಕ್ಕೆ ಹಾಕಿದರು. "ಮುದುಕ ಕಾವಲುಗಾರಂತೂ ಜಲ್ದೀನ ತಿಳೀತು."

ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ಹಸಿ ಬೆರೆಸಿದ ಚೀಲ ಹಳೆಯ ಪರಿಚಯದ ರೈತನದೇ ಎಂದು ತಿಳಿದಾಗ ಅವರು ಹೀಗೇ ಮಾತಾಡುತ್ತಿದ್ದರು, ನೆಲ ನೋಡುತ್ತ. ಎಷ್ಟು ದಿನಗಳಿಂದ ಕೇಳುತ್ತಿದ್ದರೋ! ಆ ದಿನಗಳಲ್ಲೆಲ್ಲ ಅವರು ನನ್ನ ಎದುರಿಗೆ ಊಟಕ್ಕೆ ಕೂತಿದ್ದರು, ನನ್ನ ರೊಟ್ಟಿಗೆ ಬೆಣ್ಣೆ ಹಾಕಿಸಿದ್ದರು.

"ಸಿಪಾಯಿ ಅಂದ್ರಲ್ಲ," ಅಂದರು. "ದಾಕ್ಷಾಗ ಗೊತ್ತೈತೇನು ಇದು?"

ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಹೌದು ಎಂದರೆ ನನ್ನ ಭಾರವನ್ನು ಅವಳ ತಲೆಗೆ ಹೊರಿಸಿದಂತೆ. ಇಲ್ಲವೆಂದರೆ ನಾಳೆಯಿಂದ ಇದು ಕೇವಲ ಹೊರಗಿನಿಂದ ಬಂದವನ ಕೊಸರಾಟ, ನಾಲ್ಕು ಹಿರಿಯರನ್ನು ಕೂಡಿಸಿ ಬುದ್ಧಿ ಹೇಳಿಸಿದರೆ ಮುಗಿಯಿತು. ಎರಡರಲ್ಲಿ ಯಾವುದನ್ನೂ ಆರಿಸಲಾರದೆ ನಾನು ಮೊರದ ಕಡಲೆ ನೋಡುತ್ತ ಕೂತೆ. ರೊಟ್ಟಿಯ ಸದ್ದು ನಿಂತುಹೋಗಿದ್ದು ಆಮೇಲೆ ಗಮನಕ್ಕೆ ಬಂತು.

"ಅಪ್ಪಾ." ದಾಕ್ಷಾಯಣಿ ಅಡುಗೆಮನೆಯಿಂದ ಎದ್ದು ಬರಲಿಲ್ಲ. ದನಿಯನ್ನು ಎತ್ತರಿಸಲೂ ಇಲ್ಲ. ಆ ಮನೆಯಲ್ಲಿ ಅದರ ಅಗತ್ಯವೇ ಇರಲಿಲ್ಲ. "ಮೊದಲ ಅಂದಾಕಿ ನಾನ. ಅವರಲ್ಲ."

ಮಾವನವರ ಬೆರಳು ಕಾಳಿನ ಮೇಲೆ ನಿಂತವು. "ಇಲ್ಲಿ ಏನು ಕಡಿಮಿ ಆಗೇತಿ ನಿನಗ?"

"ಏನೂ ಕಡಿಮಿ ಇಲ್ಲ. ನನಗ ಬಾಗಲಾ ಹಾಕ್ಕೋಬೇಕಾಗೇತಿ."

"ಹಗಲೊತ್ತಿನ್ಯಾಗ?"

"ಹಗಲೊತ್ತಿನ್ಯಾಗ."

ಇಬ್ಬರ ನಡುವೆ ಪಡಸಾಲೆಯಿತ್ತು, ಇಬ್ಬರಿಗೂ ಪರಸ್ಪರ ಮುಖ ಕಾಣುತ್ತಿರಲಿಲ್ಲ. ಕಂಡಿದ್ದರೆ ಅವಳು ಆ ಮಾತು ಆಡುತ್ತಿರಲಿಲ್ಲ, ಅವರು ಅದನ್ನು ಪೂರ್ತಿ ಕೇಳುತ್ತಿರಲಿಲ್ಲ. ಅತ್ತೆಯವರು ದೇವರ ಕೋಣೆಯಲ್ಲಿ ದೀಪದ ಬತ್ತಿ ಸರಿಮಾಡುತ್ತಿದ್ದವರು ಹಾಗೇ ಕೂತಿದ್ದರೆಂದು ಬಳೆ ಸದ್ದು ನಿಂತದ್ದರಿಂದ ತಿಳಿದೆ. ಅಷ್ಟು ಬಾಗಿಲುಗಳು ತೆರೆದ ಮನೆಯಲ್ಲಿ ನಾಲ್ವರು ನಾಲ್ಕು ಕಡೆ ಕೂತು ಒಬ್ಬರ ಉಸಿರನ್ನು ಒಬ್ಬರು ಕೇಳುತ್ತಿದ್ದೆವು.

ಮಾವನವರು ಒಂದು ಹಿಡಿ ಕಡಲೆ ತೆಗೆದು ಮೊರದೊಳಗೆ ಮೆಲ್ಲಗೆ ಬಿಟ್ಟರು. ಆ ಸದ್ದನ್ನೂ ಕೇಳಿದರೇನೋ. ಮಗಳ ಮಾತಿನಲ್ಲಿ ಹಸಿ ಎಲ್ಲಾದರೂ ಬೆರೆತಿದೆಯೇ ಎಂದು ತೂಗಿ ನೋಡುತ್ತಿದ್ದರೆಂದು ನನಗನ್ನಿಸಿತು. ಬೆರೆತಿರಲಿಲ್ಲ.

"ನೀರಿಂದು ನೀವು ಹೇಳಲೇ ಇಲ್ಲ," ಅಂದರು ನನಗೆ.

"ನಡುವೆ ಎರಡು ದಿನ ಬಿಟ್ಟು ಬರ್ತೈತಂತ್ರಿ."

"ಹಂಗಿದ್ರ ಡ್ರಮ್ ದೊಡ್ಡದು ಬೇಕಾಕ್ಕೈತಿ." ಅವರು ಮೊರ ಎತ್ತಿಕೊಂಡು ಎದ್ದರು. "ಸಣ್ಣದರಾಗ ಪೂರೈಸೂದಿಲ್ಲ."

ಆಚೆಯಿಂದ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು, ಮೊದಲಿನಷ್ಟು ಹದವಾಗಿ ಅಲ್ಲ. ಅಂದು ಬಂದ ರೊಟ್ಟಿಗಳೆಲ್ಲ ಒಂದೊಂದು ಕಡೆ ದಪ್ಪ. ಯಾರೂ ಏನೂ ಅನ್ನಲಿಲ್ಲ.

ಹೊರಡುವ ದಿನ ಮಾವನವರು ಅಂಗಡಿಗೆ ಎಂದಿಗಿಂತ ಮೊದಲೇ ಹೋಗಿಬಿಟ್ಟಿದ್ದರು. ಟೆಂಪೊದಲ್ಲಿ ಎಲ್ಲಕ್ಕಿಂತ ಮೇಲೆ ನೀಲಿ ಡ್ರಮ್ಮೊಂದನ್ನು ಹಗ್ಗ ಬಿಗಿದು ಕಟ್ಟಲು ಹೇಳಿ ಹೋಗಿದ್ದರು. ಅತ್ತೆಯವರು ಅದರೊಳಗೆ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಹೊದಿಕೆಗಳು, ನನ್ನ ನೆಗಡಿಗೆ ಕಷಾಯದ ಪುಡಿ ತುಂಬಿ, ಮೇಲೊಂದು ಅರಿವೆ ಕಟ್ಟಿ, ಅಳುವುದನ್ನು ನಾವು ತಿರುವು ದಾಟುವವರೆಗೆ ತಡೆದುಕೊಂಡರು.

ಮುರಿಗೆಪ್ಪ ಸಾಮಾನು ಇಳಿಸಿಕೊಟ್ಟು ಛಾಪಖಾನೆಗೆ ಹೋದ. ನಡುಹಗಲು. ಡ್ರಮ್ಮಿನೊಳಗಿನದನ್ನೆಲ್ಲ ತೆಗೆದು ಚಾಪೆಯ ಮೇಲೆ ಹರವಿ, ಅದನ್ನು ನಲ್ಲಿಯ ಕೆಳಗೆ ಉರುಳಿಸಿ ನಿಲ್ಲಿಸಿದೆವು. ಮನೆ ಎಷ್ಟು ಖಾಲಿಯಿತ್ತೆಂದರೆ ಆಡಿದ ಮಾತು ತಿರುಗಿ ನಮಗೇ ಬರುತ್ತಿತ್ತು. ಆದರೂ ನಾವಿಬ್ಬರೂ ಪಿಸುದನಿಯಲ್ಲೇ ಮಾತಾಡುತ್ತಿದ್ದೆವು. ಯಾರಾದರೂ ಕರೆಯುತ್ತಾರೆಂದು ನಾನು ಎರಡು ಸಲ ಸುಮ್ಮನೆ ತಲೆಯೆತ್ತಿದೆ. ದಾಕ್ಷಾಯಣಿ ಒಳಗಿನ ಕೋಣೆಯ ಹೊಸ್ತಿಲಲ್ಲಿ ನಿಂತು ಬಾಗಿಲನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಒಳಗೆ ಹೋಗಿ ಅದನ್ನು ಮುಚ್ಚಿಕೊಂಡಳು. ಚಿಲಕ ಹೊಸದು, ಬಿಗಿಯಾಗಿತ್ತು. ಅದನ್ನು ಕೂರಿಸಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ನಾನು ಡ್ರಮ್ಮಿನ ಪಕ್ಕ ಕೂತೆ. ನನ್ನ ಕಿವಿಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ನಲ್ಲಿ ಕೆಮ್ಮಿತು, ಗಾಳಿ ಉಗುಳಿತು, ನೀರು ಬಂತು. ಖಾಲಿ ಡ್ರಮ್ಮಿನ ತಳಕ್ಕೆ ಬಿದ್ದ ಮೊದಲ ನೀರು ನಗಾರಿ ಬಡಿದಂತೆ ಮೊಳಗಿ ನಾಲ್ಕೂ ಗೋಡೆ ತುಂಬಿತು. ಬೇರೆ ಯಾವ ಸದ್ದೂ ಕೇಳಿಸದಾಯಿತು. ನೀರು ಏರಿದಂತೆ ಮೊಳಗು ಸಣ್ಣದಾಗುತ್ತ, ಮೆತ್ತಗಾಗುತ್ತ ಬಂತು; ಮುಚ್ಚಿದ ಬಾಗಿಲಾಚೆಯ ಅಳು ಇನ್ನೇನು ಕೇಳಿಸಬಹುದು ಎನ್ನುವ ಹಂತಕ್ಕೆ ಬಂದಾಗ ನಾನು ಎದ್ದು ನಲ್ಲಿಯನ್ನು ಪೂರ್ತಿ ಬಿಟ್ಟೆ. ಡ್ರಮ್ಮು ತುಂಬಿತು. ನೀರು ಅಂಚು ದಾಟಿ, ನೀಲಿ ಮೈಗುಂಟ ಇಳಿದು, ಸುಣ್ಣದ ಕಲೆಗಳ ನೆಲದ ಮೇಲೆ ಹರಡಿಕೊಂಡು ಚಾಪೆಯ ಕಡೆ ಹೊರಟಿತು. ನಾನು ನಿಲ್ಲಿಸಲಿಲ್ಲ.